ಎನ್-95 ಮಾಸ್ಕ್ ಶುದ್ಧ ಮಾಡಿ ಮತ್ತೆ ಹಾಕಿಸಬೇಕೇ? ಪರ–ವಿರೋಧ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಸರ್ಕಾರಿ ಆಸ್ಪತ್ರೆಗಳು ಸಿಬ್ಬಂದಿ ಹಾಕಿಬಿಟ್ಟ ಎನ್-95 ಮಾಸ್ಕ್‌ಗಳನ್ನು ಶುದ್ಧೀಕರಿಸಿ ಮರಳಿ ಕೊಡುವ ಏರ್ಪಾಡು ಇಟ್ಟುಕೊಳ್ಳಬೇಕೇ?

ಪರ

ಇಟ್ಟುಕೊಳ್ಳಲೇಬೇಕು, ಕೊರತೆಯ ದಿನಕ್ಕಾಗಿ. 2020ರ ಮಾರ್ಚ್-ಏಪ್ರಿಲ್‌ನಲ್ಲಿ ದುಡ್ಡು ಕೊಟ್ಟರೂ ಮಾಸ್ಕ್ ಸಿಗುತ್ತಿರಲಿಲ್ಲ. ಎಷ್ಟೋ ಕಡೆ ನರ್ಸ್‌ಗಳು ಬೆವರಿಗೆ ತೊಯ್ದ ಒಂದೇ ಮಾಸ್ಕನ್ನು ದಿನಗಟ್ಟಲೆ ಹಾಕಿಕೊಂಡೇ ದುಡಿದರು. ಶುದ್ಧ ಮಾಡಿದ ಮಾಸ್ಕನ್ನು ಹೊಸದರ ಜೊತೆ ಹೋಲಿಸುವುದು ತಪ್ಪು. ಅಂಥ ದಿನಗಳಲ್ಲಿ ಅದಕ್ಕೆ ಪರ್ಯಾಯ ಈ ಕೊಳೆ ಮಾಸ್ಕೇ.

ದಾರಿಗಳು ಗೊತ್ತಿವೆ. ಹೈಡ್ರೋಜನ್ ಪೆರಾಕ್ಸೈಡ್ ಆವಿ ಹಾಯಿಸುವ ವಿಧಾನಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರ ಮಾರ್ಚ್‌ನಲ್ಲೇ ತುರ್ತು ಅನುಮತಿ ಕೊಟ್ಟಿತ್ತು. ರೋಗಾಣು ಕೊಲ್ಲುವ ಯುವಿ-ಸಿ (ನೇರಳಾತೀತ) ಬೆಳಕಿದೆ, ಸುಮಾರು 60 ಡಿಗ್ರಿಯ ತೇವಭರಿತ ಶಾಖದಲ್ಲಿ ಅರ್ಧ ಗಂಟೆ ಇಡುವ ಕ್ರಮವಿದೆ. ಮೊದಲನೆಯದು ಹುಬ್ಬಳ್ಳಿಯ ಕಿಮ್ಸ್‌ನಂಥ (ಈಗಿನ ಕೆಎಂಸಿಆರ್‌ಐ) ದೊಡ್ಡ ಆಸ್ಪತ್ರೆಗೆ ಸರಿ.

ತಾಲ್ಲೂಕು ಆಸ್ಪತ್ರೆಗೆ ಕಾಗದದ ಚೀಲ ಸಾಕು. ಒಬ್ಬರಿಗೆ ಐದು ಮಾಸ್ಕ್, ಐದು ಚೀಲ, ಚೀಲದ ಮೇಲೆ ಹೆಸರು ಮತ್ತು ವಾರ. ಸೋಮವಾರದ್ದು ಹಾಕಿ ಬಿಚ್ಚಿದ ಮೇಲೆ ಮುಂದಿನ ಸರದಿಯವರೆಗೆ ಮುಟ್ಟುವಂತಿಲ್ಲ; ಅಷ್ಟರಲ್ಲಿ ಕೊರೊನಾದಂಥ ವೈರಾಣು ತಾನಾಗಿ ಸಾಯುತ್ತದೆ. ಪ್ಲಾಸ್ಟಿಕ್ ಚೀಲ ಮಾತ್ರ ಬೇಡ, ಪಸೆ ಆರುವುದಿಲ್ಲ. ಕರೆಂಟ್ ಬೇಡ, ಯಂತ್ರ ಬೇಡ, ಶಿಸ್ತು ಬೇಕು. ಅದನ್ನು ಈಗಲೇ ಕಲಿಸಿಟ್ಟರೆ ತುರ್ತಿನಲ್ಲಿ ಯಾರೂ ತಡಕಾಡುವುದಿಲ್ಲ.

ವಿರೋಧ

ಕಾಗದದ ಮೇಲೆ ಚೆಂದ. ವಾರ್ಡಿನಲ್ಲಿ ಆಗುವುದು ಬೇರೆ.

ಎನ್-95ರ ಶಕ್ತಿ ಇರುವುದು ಒಳಪದರದ ಪಾಲಿಪ್ರೊಪಿಲೀನ್ ಎಳೆಗಳಲ್ಲಿ ತುಂಬಿದ ಸ್ಥಿರ ವಿದ್ಯುತ್ತಿನಲ್ಲಿ. ಸ್ಪಿರಿಟ್ ಸಿಂಪಡಿಸಿದರೆ, ಸೋಪಿನ ನೀರಿಗೆ ಅದ್ದಿದರೆ ಅದು ಹೋಗುತ್ತದೆ. ಹೊರಗೆ ನೋಡಿದರೆ ಮಾಸ್ಕ್ ಹಾಗೇ ಬೆಳ್ಳಗಿರುತ್ತದೆ, ಸೋಸುವ ಗುಣ ಕುಸಿದಿರುತ್ತದೆ. ಮೂವತ್ತು ರೋಗಿಗಳ ನಡುವೆ ಓಡಾಡುವ ಸಿಸ್ಟರ್ ಕೈಗೆ ಮೊದಲು ಸಿಗುವುದು ಸ್ಪಿರಿಟ್ ಬಾಟಲಿಯೇ. ಇದೇ ನನ್ನ ದೊಡ್ಡ ಭಯ.

ಇನ್ನೊಂದು, ಮುಖಕ್ಕೆ ಕೂರುವುದು. ಎರಡೂ ಅಂಗೈಯಿಂದ ಮಾಸ್ಕ್ ಮುಚ್ಚಿ ಜೋರಾಗಿ ಉಸಿರು ಬಿಟ್ಟಾಗ ಮೂಗಿನ ಪಕ್ಕದಿಂದ ಗಾಳಿ ಕಣ್ಣಿಗೆ ಬಡಿದರೆ ಆ ಮಾಸ್ಕ್ ಕೆಲಸಕ್ಕೆ ಬಾರದು. ವೈರಾಣು ಸತ್ತರೂ ಸಡಿಲಾದ ರಬ್ಬರ್ ಬಿಗಿಯಾಗುವುದಿಲ್ಲ. "ಸರ್, ಇದರ ರಬ್ಬರ್ ಸಡ್ಲ ಆಗೇದ್ರಿ, ಬ್ಯಾರೆ ಕೊಡ್ರಿ" ಎಂದು ಕೇಳುವ ಧೈರ್ಯ ಗುತ್ತಿಗೆಯ ಡಿ ಗ್ರೂಪ್ ನೌಕರರಿಗೆ ಇದೆಯೇ? ಹೊಸದು ಡಾಕ್ಟರಿಗೆ, ಹಳೆಯದು ಕಸ ಎತ್ತುವವರಿಗೆ ಎಂದಾಗಲು ತಡವಿಲ್ಲ.

ಎಫ್‌ಡಿಎ ಕಥೆಯನ್ನೂ ಪೂರ್ತಿ ಹೇಳಬೇಕು. ಆವಿ ವಿಧಾನದಲ್ಲಿ ಒಂದು ಮಾಸ್ಕನ್ನು 20 ಸಲ ಶುದ್ಧ ಮಾಡಬಹುದು ಎಂದಿದ್ದವರು ಆಮೇಲೆ ಅದನ್ನು 4ಕ್ಕೆ ಇಳಿಸಿದರು. ಪೂರೈಕೆ ಸುಧಾರಿಸಿದ ಮೇಲೆ 2021ರ ಜೂನ್ ಕೊನೆಯಲ್ಲಿ ಆ ಅನುಮತಿಗಳನ್ನೇ ಹಿಂದಕ್ಕೆ ಪಡೆದರು. ಯುವಿ ಬೆಳಕು ಮಡಿಕೆಯ ಸಂದಿಗೆ ಇಳಿಯುವುದಿಲ್ಲ, ಲಾಡಿಯ ಅಡಿಗೂ ತಲುಪುವುದಿಲ್ಲ.

ಶುದ್ಧೀಕರಣಕ್ಕೆ ಹಾಕುವ ದುಡ್ಡಿನಲ್ಲಿ ಜಿಲ್ಲಾ ಉಗ್ರಾಣಗಳಲ್ಲಿ ಮೂರು ತಿಂಗಳ ಮಾಸ್ಕ್ ದಾಸ್ತಾನು ಇಡಲಿ. ಅವಧಿ ಮುಗಿಯುವ ಮುನ್ನ ಹಳೆಯದನ್ನು ಕ್ಷಯ ವಾರ್ಡುಗಳಿಗೆ ಕೊಟ್ಟು ಹೊಸದು ತುಂಬಲಿ. ಅಲ್ಲಿ ಎನ್-95 ವರ್ಷವಿಡೀ ಬೇಕು. ಮರುಬಳಕೆಯೇ ಬೇಕೆಂದರೆ ಒರೆಸಿ ತೊಳೆಯಲೆಂದೇ ಮಾಡಿದ, ಫಿಲ್ಟರ್ ಬದಲಿಸಬಹುದಾದ ರಬ್ಬರ್ ಮಾಸ್ಕ್‌ಗಳಿವೆ, ಅವನ್ನು ಕೊಳ್ಳಲಿ.