ಜೋಡಿ ಬಾಣದ ಸರ್ಟಿಫಿಕೇಟು

ಚುನಾವಣೆ ಬಂತೆಂದರೆ ರಾಯಚೂರಿನ ನಮ್ಮ ಮನೆಮಂದಿಯ ವಾಟ್ಸಾಪ್ ಗ್ರೂಪ್ ತೆರೆಯೋಕೇ ಬೇಸರ. ಕಾಕಾ ಬೆಳಗಾಗುವ ಮುಂಚೆಯೇ ಶುರು ಮಾಡಿರುತ್ತಾರೆ. ಯಾವುದೋ ಊರಿನ ಹಳೇ ಗಲಾಟೆಯ ವಿಡಿಯೊ, ಮೇಲೆ 'ನಿನ್ನೆ ನಮ್ಮ ಜಿಲ್ಲೆಯಲ್ಲಿ' ಅಂತ ಬರಹ. ಅದರಲ್ಲಿ ಅಂಗಡಿ ಬೋರ್ಡುಗಳೆಲ್ಲ ಹಿಂದಿಯಲ್ಲಿವೆ. ಅದಾದರೂ ಕಾಣಬಾರದಾ?

"ಎಲ್ಲಾರೂ ಕಳಸಾಕತ್ತಾರ, ಸುಳ್ಳ ಇರತೈತೇನು?" ಅನ್ನುತ್ತಾರೆ. ಪದೇ ಪದೇ ಫಾರ್ವರ್ಡ್ ಆದ ಮೆಸೇಜಿಗೆ ವಾಟ್ಸಾಪ್ ಜೋಡಿ ಬಾಣದ ಗುರುತು ಹಾಕುವುದು ಹುಷಾರಾಗಿರಿ ಅಂತ. ಕಾಕಾನಿಗೆ ಅದೇ ಸರ್ಟಿಫಿಕೇಟು!

ಅಭ್ಯರ್ಥಿಯ ಆಸ್ತಿ, ಸಾಲ, ಕೇಸು, ಓದು ಎಲ್ಲ ನಾಮಪತ್ರದ ಜೊತೆ ಕೊಡುವ ನಮೂನೆ 26ರ ಅಫಿಡವಿಟ್‌ನಲ್ಲಿರುತ್ತದೆ. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಲಿಂಕ್ ಕಳಿಸಿದೆ. ಯಾರೂ ತೆಗೆದು ನೋಡಲಿಲ್ಲ. (ಅತ್ತೆ ಮಾತ್ರ ಕೈ ಮುಗಿಯುವ ಇಮೋಜಿ ಹಾಕಿದರು.) ಅಭ್ಯರ್ಥಿಯೇ ಬರೆದುಕೊಟ್ಟದ್ದು, ಪೂರ್ತಿ ನಂಬಬೇಕಿಲ್ಲ, ಸರಿ. ಆದರೂ ಪ್ರಮಾಣ ಮಾಡಿ ಸಹಿ ಹಾಕಿದ ಕಾಗದ ಅಲ್ವಾ?

ಕಾಕಾನ ಹೊಲ ಇರುವುದು ತುಂಗಭದ್ರಾ ಎಡದಂಡೆ ಕಾಲುವೆಯ ಟೇಲೆಂಡಿನಲ್ಲಿ, ಅಂದರೆ ಕಟ್ಟಕಡೆಯಲ್ಲಿ. ನೀರಿಗೆ ಪ್ರತಿ ಸಲ ಪರದಾಟ. ಮೊನ್ನೆ ಓಟು ಕೇಳಲು ಬಂದವರ ಹತ್ತಿರ ನೀರಿನ ಮಾತೇ ಎತ್ತಲಿಲ್ಲ. ಚಹಾ ಕುಡಿಸಿ, ಮೊಬೈಲ್ ತೆಗೆದು ಅದೇ ವಿಡಿಯೊ ತೋರಿಸಿದರು.