ಊದಿಸಿದಾಗ ಯಾರಿಗೆ ಫೋನ್ ಮಾಡ್ತೀರಿ?

ಶನಿವಾರ ರಾತ್ರಿ ಬೆಂಗಳೂರಿನ ಇಂದಿರಾನಗರದಲ್ಲೋ ಕೋರಮಂಗಲದಲ್ಲೋ ಪೊಲೀಸರು ಬ್ಯಾರಿಕೇಡ್ ಹಾಕಿ, ಕುಡಿದು ಗಾಡಿ ಓಡಿಸುವವರನ್ನು ಹಿಡಿಯಲು ಆಲ್ಕೋಮೀಟರ್ (ಉಸಿರಿನಿಂದ ಆಲ್ಕೋಹಾಲ್ ಅಳೆಯುವ ಯಂತ್ರ) ಊದಿಸುತ್ತಿರುತ್ತಾರೆ. ಸಿಕ್ಕಿಬಿದ್ದವರು ಮೊದಲು ಮಾಡುವ ಕೆಲಸ ಫೋನ್ ತೆಗೆದು ಪಕ್ಕಕ್ಕೆ ಹೋಗುವುದು. "ಅಣ್ಣಾ, ಈ ಸ್ಟೇಷನ್‌ನಲ್ಲಿ ಯಾರಾದ್ರೂ ಪರಿಚಯ ಇದ್ದಾರಾ?"

ನಾನು ವಕೀಲ. ಆ ಹೊತ್ತಲ್ಲಿ ನನಗೂ ಫೋನ್ ಬರುತ್ತದೆ. "ಸಾರ್, ಎರಡೇ ಬಿಯರ್ ಸಾರ್, ಏನಾದ್ರೂ ಅಡ್ಜಸ್ಟ್ ಮಾಡಿಸಿ" ಅಂತಾರೆ. (ಎಲ್ಲರೂ ಎರಡೇ ಬಿಯರ್ ಕುಡಿದಿರುತ್ತಾರೆ. ಮೂರು ಕುಡಿದವನನ್ನು ನಾನಿನ್ನೂ ನೋಡಿಲ್ಲ.) ಕಾನೂನಿನಲ್ಲಿ ನನಗೇನು ದಾರಿ ಇದೆ ಅಂತ ಯಾರೂ ಕೇಳುವುದಿಲ್ಲ. ನನ್ನ ತಕರಾರು ಇರುವುದೇ ಇಲ್ಲಿ. ವಶೀಲಿ ಹುಡುಕೋಕೆ ನಮಗೆ ಸಂಕೋಚ ಇಲ್ಲ, ಕಾನೂನು ಕೊಟ್ಟಿದ್ದನ್ನು ಬಾಯಿಬಿಟ್ಟು ಕೇಳೋಕೆ ಮಾತ್ರ ಸಂಕೋಚ.

ಹಾಗಾದರೆ ಏನು ಕೊಟ್ಟಿದೆ? ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ 100 ಮಿ.ಲೀ. ರಕ್ತದಲ್ಲಿ ಆಲ್ಕೋಹಾಲ್ 30 ಮಿ.ಗ್ರಾಂ ದಾಟಿದರೆ ಅಪರಾಧ. ಗಾಡಿ ಓಡಿಸುತ್ತಿರಬೇಕು, ಇಲ್ಲವೇ ಓಡಿಸಲು ಹೊರಟಿರಬೇಕು. ಕುಡಿದು, ಪಾರ್ಕಿಂಗ್‌ನಲ್ಲಿ ಎಂಜಿನ್ ಆಫ್ ಮಾಡಿ ಹಿಂದಿನ ಸೀಟಲ್ಲಿ ಮಲಗಿದವನ ಮೇಲೆ ಈ ಕೇಸ್ ನಿಲ್ಲುವುದು ಕಷ್ಟ. ಬಾಯಿಗೆ ಮೌತ್‌ವಾಶ್ ಹಾಕಿಕೊಂಡಿದ್ದರೆ ಅದರ ಆಲ್ಕೋಹಾಲ್ ಬಾಯಲ್ಲಿ ಉಳಿಯುವುದು ಹೆಚ್ಚೆಂದರೆ ಕಾಲು ಗಂಟೆ. ಆಮೇಲೆ ಮತ್ತೊಮ್ಮೆ ಊದಿಸಿ ಅಂತ ಕೇಳಿ. ಹೊಸ ಪೈಪ್ ಹಾಕಿದರಾ ನೋಡಿ. ಯಂತ್ರದ ಸ್ಲಿಪ್‌ನಲ್ಲಿ ಬಂದಿರುವ ಸಂಖ್ಯೆ, ಸಮಯ ಓದದೆ ಸಹಿ ಹಾಕಬೇಡಿ. ರಕ್ತ ಪರೀಕ್ಷೆ ಮಾಡಿಸಿ ಅಂತಲೂ ಕೇಳಬಹುದು. ಯಂತ್ರದ ಅಳತೆ ಸರಿ ಇದೆ ಅನ್ನುವ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಎಲ್ಲಿ ಅಂತ ಕೋರ್ಟಲ್ಲಿ ಪ್ರಶ್ನೆ ಎತ್ತಬಹುದು. ಅರೆಸ್ಟ್ ಮಾಡಿದರೆ ಎರಡು ಗಂಟೆಯೊಳಗೆ ವೈದ್ಯರಿಂದ ತಪಾಸಣೆ ಆಗಬೇಕು, ಆಗದಿದ್ದರೆ ಬಿಡಬೇಕು. ಇದು ಯಾರೋ ತೋರಿಸುವ ಕರುಣೆ ಅಲ್ಲ, 202ನೇ ಸೆಕ್ಷನ್ನಿನಲ್ಲೇ ಇದೆ.

ಊದಲ್ಲ ಅಂತ ಹಟ ಹಿಡಿಯುವುದು ಮಾತ್ರ ಬುದ್ಧಿವಂತಿಕೆ ಅಲ್ಲ. ಸರಿಯಾದ ಕಾರಣ ಇಲ್ಲದೆ ನಿರಾಕರಿಸಿದರೆ ಅದೇ ನಿಮ್ಮ ವಿರುದ್ಧ ಸಾಕ್ಷ್ಯ ಆಗಬಹುದು. ಹಾಗೆಯೇ, ಸ್ಪಾಟಲ್ಲೇ ಫೈನ್ ಕಟ್ಟಿ ಮುಗಿಸೋಣ ಅಂದರೆ ಈ ಕೇಸಿಗೆ ಸ್ಪಾಟ್ ಫೈನ್ ಅನ್ನುವುದೇ ಇಲ್ಲ. ಕೋರ್ಟಿಗೇ ಹೋಗಬೇಕು. ರಸ್ತೆಯಲ್ಲಿ ಕೈಬದಲಾಯಿಸುವ ದುಡ್ಡು ಏನು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಶಿಕ್ಷೆ ವಿಷಯ. 2019ರ ಸೆಪ್ಟೆಂಬರ್‌ಗೆ ಮೊದಲು ದಂಡ 2,000 ರೂಪಾಯಿವರೆಗೆ ಇತ್ತು. ಈಗ ಮೊದಲ ಸಲಕ್ಕೆ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಎರಡನೇ ಸಲಕ್ಕೆ 15,000 ರೂಪಾಯಿ ಅಥವಾ ಎರಡು ವರ್ಷದವರೆಗೆ ಜೈಲು, ಅಥವಾ ಎರಡೂ. ಜನ ಹತ್ತು ಸಾವಿರದ ಲೆಕ್ಕ ಮಾತ್ರ ಹಾಕುತ್ತಾರೆ. ಲೈಸೆನ್ಸ್ ಅಮಾನತಾಗುವುದು, ಗಾಡಿ ಬಿಡಿಸಿಕೊಳ್ಳಲು ಅಲೆಯುವುದು ಲೆಕ್ಕಕ್ಕೇ ಬರುವುದಿಲ್ಲ. ಇನ್ಶೂರೆನ್ಸ್ ಇನ್ನೂ ಕೆಟ್ಟದು. ಕುಡಿದು ಗುದ್ದಿದರೆ ನಿಮ್ಮ ಕಾರಿನ ರಿಪೇರಿಗೆ ಒಂದು ಪೈಸೆ ಬರುವುದಿಲ್ಲ. ಊದಿಸದೇ ಇದ್ದರೂ ಬೇರೆ ಸಾಕ್ಷ್ಯದಿಂದ ಕುಡಿದಿದ್ದನ್ನು ಇನ್ಶೂರೆನ್ಸ್ ಕಂಪನಿ ತೋರಿಸಬಹುದು ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ. ದೆಹಲಿಯಲ್ಲಿ ನಜ್ಜುಗುಜ್ಜಾದ ಒಂದು ಪೋರ್ಷೆ ಕಾರಿನ ಕೇಸ್ ಅದು. ಯಾರಾದರೂ ಸತ್ತರಂತೂ ನಿರ್ಲಕ್ಷ್ಯದ ಸಾವು ಅಂತ ಐದು ವರ್ಷದವರೆಗಿನ ಶಿಕ್ಷೆಗೇ ನಿಲ್ಲುತ್ತದೆ ಅನ್ನುವಂತಿಲ್ಲ. ಮುಂಬೈಯ ಫುಟ್‌ಪಾತಲ್ಲಿ ಮಲಗಿದ್ದವರ ಮೇಲೆ ಕಾರು ಹರಿದು ಏಳು ಜನ ಸತ್ತ ಕೇಸಿನಲ್ಲಿ, ಕಾರು ಓಡಿಸುತ್ತಿದ್ದ ಅಲಿಸ್ಟರ್ ಪರೇರಾಗೆ ಕೊಲೆಯಲ್ಲದ ನರಹತ್ಯೆಯ ಸೆಕ್ಷನ್ ಹಾಕಿದ್ದನ್ನು 2012ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಡ್ರಗ್ಸ್ ವಿಷಯದಲ್ಲಿ ಕಾನೂನು ಸಡಿಲ ಇದೆ ಅಂತ ನನ್ನ ಅಭಿಪ್ರಾಯ. ಅಲ್ಲಿ 30 ಮಿ.ಗ್ರಾಂ ತರಹದ ಗೆರೆ ಇಲ್ಲ. ಗಾಡಿಯ ಮೇಲೆ ಹಿಡಿತ ಇಲ್ಲದಷ್ಟು ಅಮಲಿತ್ತು ಅಂತ ತೋರಿಸಬೇಕು. ಗಾಂಜಾ ಸೇದಿದವನಿಗೆ ಆಲ್ಕೋಮೀಟರ್ ಊದಿಸಿದರೆ ಸೊನ್ನೆ ಬರುತ್ತದೆ. ವಕೀಲನಾಗಿ ಈ ಸಂದು ನನಗೆ ಅನುಕೂಲವೇ. ರಾತ್ರಿ ಮನೆಗೆ ನಡೆದುಹೋಗುವವನಾಗಿ ಅಲ್ಲ. ಆದರೆ ಪಾರಾದೆ ಅಂತ ಖುಷಿಪಡುವವರು ನೆನಪಿಡಿ, ಸೇವನೆಗೇ ಎನ್‌ಡಿಪಿಎಸ್ (ಮಾದಕವಸ್ತು) ಕಾಯ್ದೆಯ 27ನೇ ಸೆಕ್ಷನ್ ಬೇರೆ ಇದೆ.

ವಶೀಲಿ ಇಲ್ಲದವರ ಕಥೆ ನೋಡಬೇಕಾದರೆ ಕೋರ್ಟಿಗೆ ಬನ್ನಿ. ಮೊನ್ನೆ ಒಬ್ಬ ಕ್ಯಾಬ್ ಡ್ರೈವರ್ ನಿಂತಿದ್ದ. ಆರ್‌ಸಿ, ಇನ್ಶೂರೆನ್ಸ್ ಎಲ್ಲ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್‌ನಲ್ಲಿ ಮಡಚಿಟ್ಟು ಎದೆಗೆ ಒತ್ತಿಕೊಂಡಿದ್ದ. "ಸಾರ್, ತಪ್ಪು ಒಪ್ಪಿಕೊಂಡ್ರೆ ಇವತ್ತೇ ಗಾಡಿ ಕೊಡ್ತಾರಾ?" ಅಂದ. ಸ್ಲಿಪ್ ನೋಡಿದೆ, 91. ಒಪ್ಪಿಕೊಳ್ಳಪ್ಪಾ ಅಂದೆ. 91ಕ್ಕೆ ಎಂಥ ಡಿಫೆನ್ಸ್? ಅದೇ 34 ಬಂದಿದ್ದರೆ, ಅದೂ ಒಂದೇ ಸಲ ಊದಿಸಿದ್ದರೆ, ಖಂಡಿತ ವಾದ ಮಾಡುತ್ತಿದ್ದೆ.

ಕಾಮೆಂಟಲ್ಲಿ "ಹಾಗಾದ್ರೆ ಎಷ್ಟು ಕುಡಿದರೆ ಸೇಫ್ ಸಾರ್" ಅಂತ ಕೇಳುವವರಿಗೆ ಈಗಲೇ ಉತ್ತರ ಹೇಳಿಬಿಡುತ್ತೇನೆ. ನಾನು ಹೇಳಲ್ಲ, ಮೈತೂಕ, ಊಟ ಎಲ್ಲದರ ಮೇಲೂ ಹೋಗುತ್ತೆ. ಒಂದು ಲೆಕ್ಕ ಮಾತ್ರ ಕೊಡುತ್ತೇನೆ. ಸಾಮಾನ್ಯವಾಗಿ ದೇಹ 100 ಮಿ.ಲೀ. ರಕ್ತದ ಲೆಕ್ಕದಲ್ಲಿ ಗಂಟೆಗೆ ಸುಮಾರು 15 ಮಿ.ಗ್ರಾಂ ಇಳಿಸುತ್ತದೆ. ರಾತ್ರಿ ಒಂದಕ್ಕೆ 120 ಇದ್ದರೆ ಬೆಳಿಗ್ಗೆ ಆರಕ್ಕೆ ಇನ್ನೂ 45. ಕಾಫಿ, ನಿಂಬೆಹಣ್ಣು, ತಣ್ಣೀರು ಸ್ನಾನ ಯಾವುದೂ ಅದನ್ನು ಬೇಗ ಇಳಿಸುವುದಿಲ್ಲ. ಬೆಳಿಗ್ಗೆ ಹೊತ್ತು ಶಾಲಾ ವಾಹನದ ಡ್ರೈವರ್‌ಗಳಿಗೂ ಪೊಲೀಸರು ಊದಿಸುವುದು ಸುಮ್ನೆ ಅಲ್ಲ.