ಕಾಲಿಗೆ ತೇರು ಹಾಕ್ಕೊಂತೀಯೇನು?

ನಾರ್ವೆಯ ಓಸ್ಲೋದಿಂದ ಟ್ರೊಂಡ್‌ಹೈಮ್‌ಗೆ ಹೋಗುವ ರೈಲು. ಎದುರಿಗೆ ಕೂತಿದ್ದ ಹೆಂಗಸಿಗೆ ಅರವತ್ತೈದು ದಾಟಿರಬಹುದು. ನನ್ನ ಕೈಯಲ್ಲಿದ್ದ ಅರ್ಧ ಹೆಣೆದ ಕಾಲುಚೀಲವನ್ನು ಸನ್ನೆ ಮಾಡಿ ಇಸಿದುಕೊಂಡರು. ಕಪ್ಪು ಬಿಳಿ, ಎರಡು ಬಣ್ಣದ್ದು. ಡಿಸೈನ್ ಚೆನ್ನಾಗಿ ಬಂದಿದೆ ಅಂತ ನನಗೆ ಒಳಗೊಳಗೇ ಹೆಮ್ಮೆ. ಅವರು ಅದನ್ನು ನೋಡಲೇ ಇಲ್ಲ. ಕಡ್ಡಿಗಳು ಜಾರದ ಹಾಗೆ ಹಿಡಿದು, ಬಾಯಿ ಹಿಗ್ಗಿಸಿ, ಒಳಮೈ ನೋಡಿದರು. ಅಲ್ಲಿ ಅಡ್ಡಡ್ಡ ಹಾದುಹೋದ ದಾರಗಳ ಮೇಲೆ ಹೆಬ್ಬೆರಳು ಆಡಿಸಿದರು. ಒಂದು ಕಡೆ ಬೆರಳು ನಿಂತಿತು. ಅಲ್ಲಿ ದಾರ ಬಿಗಿಯಾಗಿತ್ತು. ಏನೂ ಹೇಳದೆ ವಾಪಸ್ ಕೊಟ್ಟರು.

ನನಗೆ ಧಾರವಾಡದ ನಮ್ಮಜ್ಜಿ ನೆನಪಾದಳು. ಯಾರಾದರೂ ಕಸೂತಿ ಸೀರೆ ತಂದು ತೋರಿಸಿದರೆ ಅವಳೂ ಸೆರಗಿನ ಮುಂಬದಿ ನೋಡುತ್ತಿರಲಿಲ್ಲ. "ತಿರುವಿ ತೋರ್ಸವಾ" ಅನ್ನುತ್ತಿದ್ದಳು. ಕಸೂತಿಯ ಗವಂತಿ, ಮುರ್ಗಿ ಹೊಲಿಗೆಗಳು ಎರಡೂ ಬದಿಗೆ ಒಂದೇ ತರಹ ಕಾಣಬೇಕು. ಗಂಟು ಕಾಣಬಾರದು. ಹಿಂದೆ ಗಂಟು ಕಂಡರೆ ಅಜ್ಜಿ ಸೀರೆಯ ಬಗ್ಗೆ ಏನೂ ಅನ್ನುತ್ತಿರಲಿಲ್ಲ, ಹೊಲಿದವಳ ಅವಸರದ ಬಗ್ಗೆ ಮಾತಾಡುತ್ತಿದ್ದಳು.

ನಾನು ದೆಹಲಿಗೆ ಬಂದು ಇಪ್ಪತ್ತಾರು ವರ್ಷವಾಯಿತು. ಹೆಣಿಗೆ ಕಲಿತದ್ದು ಇಲ್ಲೇ. ಧಾರವಾಡದಲ್ಲಿ ಉಲನ್ ದಾರ ಹಿಡಿದು ಕೂತ ಗಂಡಸನ್ನು ನಾನಂತೂ ಕಂಡಿಲ್ಲ, ಹೆಂಗಸರೂ ಕಡಿಮೆಯೇ. ದೆಹಲಿಯ ಡಿಸೆಂಬರ್ ಬೇರೆ ಲೋಕ. ಬಿಸಿಲು ಬಿದ್ದ ಟೆರೇಸಿನಲ್ಲಿ ಚಾಪೆ, ಕಡಲೆಕಾಯಿ, ಕಿತ್ತಳೆ ಸಿಪ್ಪೆ, ಕಂಕುಳಲ್ಲಿ ಉಲನ್ ಉಂಡೆ. ಲುಧಿಯಾನಾ ಕಡೆಯ ಪಕ್ಕದ ಮನೆ ಆಂಟಿ, ಬೆನ್ನುನೋವೆಂದು ರಜೆ ಹಾಕಿ ಬಿಸಿಲಿಗೆ ಕೂತಿದ್ದ ನನ್ನ ಕೈಗೆ ಎರಡು ಸಲಾಯಿ, ಅಂದರೆ ಹೆಣಿಗೆ ಕಡ್ಡಿ, ಕೊಟ್ಟು, "ಸುಮ್ನೆ ಕೂರಬೇಡ" ಅಂತ ಹಿಂದಿಯಲ್ಲಿ ಗದರಿದರು. ಸೀಧಾ, ಉಲ್ಟಾ, ಫಂದಾ: ನೇರ ಹೆಣಿಗೆ, ತಿರುವು ಹೆಣಿಗೆ, ಕುಣಿಕೆ. ಈ ಮೂರು ಪದ ಮೊದಲು ಕಲಿತೆ. ನಾಲ್ಕನೆಯದು ಉಧೇಡ್ನಾ, ಅಂದರೆ ಬಿಚ್ಚುವುದು. ಅದನ್ನೇ ಜಾಸ್ತಿ ಮಾಡಿದ್ದು.

ಆದರೆ ದೆಹಲಿಯ ಹೆಣಿಗೆ ಹೆಚ್ಚಾಗಿ ಎರಡು ಕಡ್ಡಿಯ, ಚಪ್ಪಟೆ ಹೆಣಿಗೆ. ಮುಂಭಾಗ, ಹಿಂಭಾಗ, ತೋಳು ಅಂತ ಬೇರೆ ಬೇರೆ ಮಾಡಿ ಹೊಲಿಯುವುದು. ಎರಡು ಬಣ್ಣದ ಕಾಲುಚೀಲ ನಾನು ಮೊದಲು ನೋಡಿದ್ದು ಮನಾಲಿಯ ಬಜಾರಿನಲ್ಲಿ. ಹಿಮಾಚಲದ ಲಾಹೌಲ್ ಕಡೆಯ ಹೆಂಗಸೊಬ್ಬರು ರಸ್ತೆ ಬದಿ ಕೂತು ಮಾರುತ್ತಿದ್ದರು. ಇದು ಅಲ್ಲಿನ ಹಳೇ ಕಾಲದ ಕಸುಬು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, 1850ರ ದಶಕದಲ್ಲಿ ಲಾಹೌಲಿನ ಕೇಲಾಂಗ್‌ಗೆ ಬಂದ ಮೊರಾವಿಯನ್ ಪಂಥದ ಕ್ರೈಸ್ತ ಮಿಷನರಿಗಳ ಪೈಕಿ ಮಾರಿಯಾ ಹೈಡೆ ಎಂಬಾಕೆ ಅಲ್ಲಿನ ಹೆಂಗಸರಿಗೆ ಹೆಣಿಗೆ ಹೇಳಿಕೊಟ್ಟರಂತೆ. ಇವತ್ತು ಲಾಹೌಲಿ ಕಾಲುಚೀಲ, ಕೈಗವಸಿಗೆ ಜಿಐ (ಭೌಗೋಳಿಕ ಸೂಚಿಕೆ) ಪಟ್ಟಿಯಲ್ಲಿ, ಅಂದರೆ ಒಂದು ಊರಿನದೇ ಅಂತ ಸರ್ಕಾರ ಗುರುತಿಸಿದ ವಸ್ತುಗಳ ಸಾಲಿನಲ್ಲಿ, ಜಾಗ ಇದೆ. ನಮ್ಮ ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್‌ನವರು ಹೆಂಚು, ನೇಯ್ಗೆ, ಕನ್ನಡದ ಮೊದಲ ಪತ್ರಿಕೆ ಎಲ್ಲ ಕೊಟ್ಟರು. ಹೆಂಚನ್ನು ನಾವು ಮಂಗಳೂರು ಹೆಂಚು ಅಂತಲೇ ಕರೆದು ನಮ್ಮದು ಮಾಡಿಕೊಂಡೆವಲ್ಲ, ಹಾಗೇ ಇದು. ಎಲ್ಲಿಂದ ಬಂತು ಅನ್ನುವುದಕ್ಕಿಂತ ಯಾರ ಮನೆಯಲ್ಲಿ ಉಳಿಯಿತು ಅನ್ನುವುದು ನನಗೆ ಮುಖ್ಯ ಅನಿಸುತ್ತದೆ.

ಎರಡು ಬಣ್ಣದ ಹೆಣಿಗೆ ಗೊತ್ತಿಲ್ಲದವರಿಗೆ ಒಂದು ಮಾತು. ಐದು ಕಡ್ಡಿ ಬೇಕು. ಎರಡೂ ಬದಿ ಚೂಪು. ನಾಲ್ಕರ ಮೇಲೆ ಕುಣಿಕೆಗಳು, ಐದನೆಯದರಲ್ಲಿ ಹೆಣೆಯುತ್ತಾ ಸುತ್ತುವುದು. ಒಂದು ಕುಣಿಕೆ ಕಪ್ಪು, ಮುಂದಿನ ಎರಡು ಬಿಳಿ, ಮತ್ತೆ ಕಪ್ಪು. ಕಪ್ಪು ಕೆಲಸ ಮಾಡುವಾಗ ಬಿಳಿ ದಾರ ಒಳಗಡೆ ಸುಮ್ಮನೆ ಹಾದುಹೋಗುತ್ತದೆ. ಹಾಗೆ ಹಾದುಹೋಗುವ ದಾರ ಬಿಗಿಯಾದರೆ ಹೊರಗೆ ಬಟ್ಟೆ ಸುಕ್ಕು. ಸಡಿಲವಾದರೆ ಹಾಕಿಕೊಳ್ಳುವಾಗ ಕಾಲ್ಬೆರಳು ಸಿಕ್ಕಿಕೊಳ್ಳುತ್ತದೆ. ಐದಾರು ಕುಣಿಕೆಗಿಂತ ಉದ್ದ ಹೋದರೆ ನಡುವೆ ಒಮ್ಮೆ ತಿರುಚಿ ಹಿಡಿಯಬೇಕು. ಇನ್ನೊಂದು ಗುಟ್ಟು: ಎರಡು ದಾರಗಳಲ್ಲಿ ಯಾವುದು ಒಳಗೆ ಕೆಳಗಿನಿಂದ ಬರುತ್ತದೋ ಆ ಬಣ್ಣ ಹೊರಗೆ ಎದ್ದು ಕಾಣುತ್ತದೆ. ನಡುವೆ ಅದಲು ಬದಲು ಮಾಡಿದರೆ ಡಿಸೈನ್ ಅರ್ಧಕ್ಕೇ ಮಂಕಾಗುತ್ತದೆ. ಏನು ತಪ್ಪಾಯಿತು ಅಂತ ಹೊರಗಿನಿಂದ ಎಷ್ಟು ನೋಡಿದರೂ ತಿಳಿಯುವುದಿಲ್ಲ.

ನನ್ನ ಮೊದಲ ಜೋಡಿ ನನಗೇ ಹಾಕಲಾಗಲಿಲ್ಲ. ಎರಡು ದಾರದ ಬಟ್ಟೆ ಒಂದು ದಾರದಷ್ಟು ಹಿಗ್ಗುವುದಿಲ್ಲ. ಹಿಮ್ಮಡಿ ದಾಟಲಿಲ್ಲ. ಈಗದು ಅಡುಗೆಮನೆಯಲ್ಲಿ ಬಾಟಲಿಯ ಅಂಗಿ.

ಪ್ರವಾಸದ ವಿಷಯಕ್ಕೆ ಬರುತ್ತೇನೆ. ಅಕ್ಕನ ಮಗ ಟ್ರೊಂಡ್‌ಹೈಮ್‌ನಲ್ಲಿ ಓದುತ್ತಿದ್ದಾನೆ. ಜೂನ್‌ನಲ್ಲಿ ನಾನು, ಹೆಂಡತಿ ಹನ್ನೊಂದು ದಿನಕ್ಕೆ ಹೋಗಿದ್ದೆವು. ಅವನು ಎಕ್ಸೆಲ್ ಶೀಟ್ ಮಾಡಿ ಕಳಿಸಿದ್ದ, ಗಂಟೆ ಗಂಟೆಗೆ ಒಂದೊಂದು ಜಾಗ. ಓಸ್ಲೋದ ಬಿಗ್ಡೋಯ್‌ನಲ್ಲಿರುವ ಜಾನಪದ ಮ್ಯೂಸಿಯಂನಲ್ಲಿ ದೇಶದ ಬೇರೆ ಬೇರೆ ಕಡೆಯಿಂದ ಕಿತ್ತು ತಂದು ನಿಲ್ಲಿಸಿದ ಸುಮಾರು 160 ಹಳೇ ಕಟ್ಟಡಗಳಿವೆ. ಗೋಲ್ ಎಂಬ ಊರಿನ ಮರದ ಚರ್ಚು ಅದರಲ್ಲೊಂದು. ಚೆನ್ನಾಗಿದೆ. ಫ್ಲೋಮ್ ರೈಲು 20 ಕಿಲೋಮೀಟರಿನಲ್ಲಿ 866 ಮೀಟರ್ ಇಳಿಯುತ್ತದೆ. ನಡುವೆ ಜಲಪಾತದ ಹತ್ತಿರ ಕೆಲವು ನಿಮಿಷ ನಿಲ್ಲಿಸುತ್ತಾರೆ. ಎಲ್ಲರೂ ಇಳಿದು ಒಬ್ಬರ ತಲೆಯ ಫೋಟೊ ಇನ್ನೊಬ್ಬರು ತೆಗೆದು ಹತ್ತುತ್ತಾರೆ. ನಾವೂ ಹಾಗೇ ಮಾಡಿದೆವು. ಬೆರ್ಗೆನ್‌ನ ಬ್ರಿಗ್ಗೆನ್ ಬೀದಿಯ ಮರದ ಮನೆಗಳು 1979ರಲ್ಲೇ ಯುನೆಸ್ಕೊ ಪಟ್ಟಿಗೆ ಸೇರಿವೆ. ಅಲ್ಲಿ ನನಗೆ ನೆನಪಿರುವುದು ಮಳೆ ಮಾತ್ರ.

ಶೀಟಿನಲ್ಲಿ ಇಲ್ಲದ ಊರು ಸೆಲ್ಬು. ಟ್ರೊಂಡ್‌ಹೈಮ್‌ನಿಂದ ಕಾರಿನಲ್ಲಿ ಗಂಟೆಯ ದಾರಿ. ಹಟ ಮಾಡಿ ಹೋದೆ. ನಿಡಾರೋಸ್ ಚರ್ಚಿಗೆ ಇಟ್ಟಿದ್ದ ಅರ್ಧ ದಿನ ಅದಕ್ಕೆ ಹೋಯಿತು. ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಸೆಲ್ಬು ಒಂದು ಕಾಲದಲ್ಲಿ ಬೀಸುಕಲ್ಲಿನ ಊರು. ಬೆಟ್ಟದಲ್ಲಿ ಕಲ್ಲು ಕಡಿದು ಚಳಿಗಾಲದಲ್ಲಿ ಹಿಮದ ಮೇಲೆ ಎಳೆದು ತರುತ್ತಿದ್ದರು. ಈಗ ಆ ಹೆಸರು ಉಳಿದಿರುವುದು ಕೈಗವಸಿನಲ್ಲಿ. 1857ರಲ್ಲಿ ಮಾರಿಟ್ ಎಂಬ ಹದಿಹರೆಯದ ಹುಡುಗಿ ಕಪ್ಪು ಬಿಳಿ ಎರಡು ದಾರದಲ್ಲಿ ಎಂಟು ಎಸಳಿನ ಹೂವು ಹಾಕಿ ಕೈಗವಸು ಹೆಣೆದಳು. ಅವಳು, ಅವಳ ಅಕ್ಕತಂಗಿಯರು ಅದನ್ನು ಹಾಕಿಕೊಂಡು ಚರ್ಚಿಗೆ ಹೋದರು. ಊರು ತಿರುಗಿ ನೋಡಿತು. ಅಲ್ಲಿಂದ ಮನೆಮನೆಯಲ್ಲೂ ಹೆಣೆದರು, ಮದುವೆಯಲ್ಲಿ ಉಡುಗೊರೆಗೆ ಕೊಟ್ಟರು, ಮಾರಿದರು. 1934ರಲ್ಲಿ ಊರಿನವರೇ ಒಂದು ಕೇಂದ್ರ ಮಾಡಿ, ಗುಣಮಟ್ಟ ನೋಡಿ ಕೊಂಡು ಮಾರುವ ವ್ಯವಸ್ಥೆ ಕಟ್ಟಿದರು. ಆ ಹೂವು ಮಾರಿಟ್ ಹುಟ್ಟಿಸಿದ್ದೇನಲ್ಲ. ಎಂಟು ಮೂಲೆಯ ನಕ್ಷತ್ರ ಅದಕ್ಕೂ ಹಿಂದಿನಿಂದ ಹಲವು ದೇಶದಲ್ಲಿದೆ, ನಮ್ಮ ಕಸೂತಿಯಲ್ಲೂ ಇದೆ. ಎಳೆ ಎಣಿಸಿ ಕೆಲಸ ಮಾಡುವ ಕೈ ಎಲ್ಲಿದ್ದರೂ ಚೌಕದಿಂದ ನಕ್ಷತ್ರ ಹೊರಡಿಸುತ್ತದೆ, ಬೇರೆ ದಾರಿಯೇ ಇಲ್ಲ.

ಮ್ಯೂಸಿಯಂನ ಗಾಜಿನ ಪೆಟ್ಟಿಗೆಗಳ ಮುಂದೆ, ಸೆಲ್ಬುವಿನಲ್ಲಿ, ಎಷ್ಟು ಹೊತ್ತು ನಿಂತೆನೋ. ಆದರೆ ನನ್ನ ತಲೆ ತಿರುಗಿಸಿದ್ದು ಗಾಜಿನ ಪೆಟ್ಟಿಗೆಯಲ್ಲ, ಅಕ್ಕನ ಮಗನ ಮನೆ ಮಾಲೀಕರ ಬಾಗಿಲು. ಕಾಫಿಗೆ ಕರೆದಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಡುವ ಜಾಗ. ನಾರ್ವೆಯಲ್ಲಿ ಶೂ ಹಾಕಿಕೊಂಡು ಮನೆಯೊಳಗೆ ಬರುವುದಿಲ್ಲ. ನಮ್ಮ ಹಾಗೇ! ಇಷ್ಟು ವರ್ಷ ವಿದೇಶದವರೆಲ್ಲ ಬೂಟುಗಾಲಲ್ಲೇ ಹಾಸಿಗೆ ಹತ್ತುತ್ತಾರೆ ಅಂತ ಸಿನಿಮಾ ನೋಡಿ ನಂಬಿದ್ದೆ. ಒಳಗೆ ಬಂದವರೆಲ್ಲ ಕಾಲುಚೀಲದಲ್ಲಿ. ಅಜ್ಜನ ಕಾಲಲ್ಲಿ ಬೂದು ಬಿಳಿ ಪಟ್ಟೆಯದು, ಹಿಮ್ಮಡಿಗೆ ಬೇರೆ ಬಣ್ಣದ ದಾರದ ತೇಪೆ. ಮೊಮ್ಮಗನ ಕಾಲಲ್ಲಿ ಕೆಂಪು ಬಿಳಿ, ಹೆಬ್ಬೆರಳ ಹತ್ತಿರ ತೂತು.

ಅಷ್ಟರಲ್ಲಿ ನನಗೆ ವಿಷಯ ಹೊಳೆಯಿತು. ಶೂ ಒಳಗೆ ಮುಚ್ಚಿಹೋಗುವ ವಸ್ತುವಿಗೆ ಯಾಕಪ್ಪ ಇಷ್ಟು ಕುಸುರಿ ಅಂತ ನಾನು ಕೇಳಿಕೊಳ್ಳುತ್ತಿದ್ದೆ. ಮುಚ್ಚಿಹೋಗುವುದೇ ಇಲ್ಲ. ಅಲ್ಲಿ ಕಾಲುಚೀಲ ಮನೆಯುಡುಗೆ. ಬಾಗಿಲು ದಾಟಿದ ಮೇಲೆ ಬೀಗರು ಮೊದಲು ನೋಡುವುದೇ ಅದನ್ನು. ನಾವೂ ಚಪ್ಪಲಿ ಹೊರಗೆ ಬಿಡುತ್ತೇವೆ, ಆದರೆ ನಮಗೆ ಚಳಿಯಿಲ್ಲ, ಬರಿಗಾಲು ಸಾಕು. ನಮ್ಮಲ್ಲಿ ಆ ಜಾಗಕ್ಕೆ ಕಾಲುಂಗುರ, ಗೆಜ್ಜೆ, ಅಂಗಳದ ರಂಗೋಲಿ ಬಂದವು. ರಂಗೋಲಿಯನ್ನೂ ನಾವು ತುಳಿಯುತ್ತೇವೆ, ಅಳಿಸುತ್ತೇವೆ, ಮರುದಿನ ಮತ್ತೆ ಹಾಕುತ್ತೇವೆ. ಆ ಕಲೆಗೆ ಯಾರೂ ಜಿಐ ಕೇಳಲಿಲ್ಲ. ಅದು ಸಾಯಲೂ ಇಲ್ಲ.

ಕಸೂತಿಯ ಕಥೆ ಬೇರೆ. ನಮ್ಮ ಕಡೆ ಮದುವೆಗೆ ಚಂದ್ರಕಾಳಿ ಸೀರೆ ಅಂತ ಕೊಡುತ್ತಿದ್ದರು, ಕಪ್ಪು ರೇಷ್ಮೆಯ ಮೇಲೆ ಕಸೂತಿ. ಅಮ್ಮನ ಚಂದ್ರಕಾಳಿ ಅಕ್ಕನ ಟ್ರಂಕಿನಲ್ಲಿದೆ. ನನಗೆ ನೆನಪಿರುವ ಹಾಗೆ ಅಮ್ಮ ಅದನ್ನು ಉಟ್ಟಿದ್ದು ನಾಲ್ಕೋ ಐದೋ ಸಲ. ಮಡಿಕೆಯಲ್ಲಿ ರೇಷ್ಮೆ ಸೀಳಿದೆ. ಅಂದರೆ ಇಟ್ಟಲ್ಲೇ ಹಳಸಿತು. ಕಸೂತಿಗೆ ಜಿಐ ಇದೆ, ಪ್ರದರ್ಶನ ಇದೆ, ದೆಹಲಿಯ ಮೇಳಗಳಲ್ಲಿ ಸ್ಟಾಲ್ ಇದೆ. ರಾಜ್ಯೋತ್ಸವದ ದಿನ ಉಟ್ಟುಕೊಂಡು ಬರುವವರೂ ಇದ್ದಾರೆ. ಆದರೆ ತೇಪೆ ಹಾಕಿದ ಕಸೂತಿ ಯಾರ ಮನೆಯಲ್ಲಿದೆ? ಸವೆದುಹೋಗುವ ವಸ್ತುವಿಗೆ ಇನ್ನೊಂದು ಮಾಡುವ ಕೈ ಬೇಕಾಗುತ್ತದೆ. ಟ್ರಂಕಿನಲ್ಲಿಟ್ಟ ವಸ್ತುವಿಗೆ ನುಸಿಗುಳಿಗೆ ಸಾಕು. ಇದು ನನ್ನ ಜಗಳ. ಅಕ್ಕನಿಗೆ ಹೇಳಿದರೆ, "ನೀ ದಿಲ್ಲ್ಯಾಗ ಕುಂತು ಹೇಳ್ತಿ" ಅನ್ನುತ್ತಾಳೆ. ಸರಿಯೇ. ದೂರ ಇದ್ದವನಿಗೆ ಊರಿನ ಟ್ರಂಕು ತೆಗೆಸುವ ಚಟ.

ನಾರ್ವೆಯವರು ಎಲ್ಲ ಸರಿ ಮಾಡಿದ್ದಾರೆ ಅಂತಲೂ ಅಲ್ಲ. ಸೆಲ್ಬು ಹೂವು ಅಂಗಡಿ ಅಂಗಡಿಯಲ್ಲಿ ಕಾಫಿ ಲೋಟದ ಮೇಲೆ, ಮ್ಯಾಗ್ನೆಟ್ ಮೇಲೆ, ಮಷೀನ್ ಟೋಪಿಯ ಮೇಲೆ ಕೂತಿದೆ. ಒಂದು ಅಂಗಡಿಯಲ್ಲಿ ಟೋಪಿಯ ಒಳಗಿನ ಚೀಟಿ ನೋಡಿದೆ, ಅದು ನನಗಿಂತ ಜಾಸ್ತಿ ದೇಶ ಸುತ್ತಿತ್ತು. ಕೈಯಲ್ಲಿ ಹೆಣೆದ ಜೋಡಿಯ ಬೆಲೆ ಕೇಳಿ ಹೆಂಡತಿ ನನ್ನ ಮುಖ ನೋಡಿದಳು. ನಾನು ಸೀಲಿಂಗ್ ನೋಡಿದೆ. ಆದರೂ ಒಂದು ವ್ಯತ್ಯಾಸ ಇದೆ. ಅಲ್ಲಿ ಶಾಲೆಯ ಕೈಕೆಲಸದ ತರಗತಿ ಹುಡುಗ ಹುಡುಗಿ ಇಬ್ಬರಿಗೂ ಕಡ್ಡಾಯ. ನಮ್ಮ ಶಾಲೆಯಲ್ಲಿ ಹುಡುಗಿಯರಿಗೆ ಹೊಲಿಗೆ ಪೀರಿಯಡ್ ಇದ್ದಾಗ ನಮ್ಮನ್ನು ಮೈದಾನಕ್ಕೆ ಬಿಡುತ್ತಿದ್ದರು. ಆಗ ಖುಷಿಯಾಗಿತ್ತು. ರೈಲಿನ ಆ ಹೆಂಗಸು ಗಂಡಸೊಬ್ಬ ಹೆಣೆಯುತ್ತಿದ್ದಾನೆ ಅಂತ ಹುಬ್ಬು ಏರಿಸಲಿಲ್ಲ. ದಾರ ಬಿಗಿಯಾಗಿದೆ ಅಂತ ಮಾತ್ರ ಬೆರಳು ನಿಲ್ಲಿಸಿದರು. ದೆಹಲಿ ಮೆಟ್ರೋದಲ್ಲಿ ನನ್ನ ವಿಡಿಯೊ ತೆಗೆದವರಿದ್ದಾರೆ.

ವಾಪಸ್ ಬಂದ ಮೇಲೆ ಒಂದು ಹುಚ್ಚು ಹತ್ತಿತು. ಕಸೂತಿಯ ಡಿಸೈನನ್ನು ಕಾಲುಚೀಲಕ್ಕೆ ತರಬೇಕು. ಚೌಕದ ಕಾಗದದ ಮೇಲೆ ತೇರು ಬರೆದೆ, ಗೋಪುರ ಬರೆದೆ. ಎರಡೂ ಎಣಿಕೆಯ ಕೆಲಸ, ಚಂದವಾಗಿ ಕೂತವು. ಫೋಟೊ ತೆಗೆದು ಅಕ್ಕನಿಗೆ ಕಳಿಸಿದೆ. ಎರಡು ನಿಮಿಷದಲ್ಲಿ ಫೋನ್ ಬಂತು.

"ಕಾಲಿಗೆ ತೇರು ಹಾಕ್ಕೊಂತೀಯೇನು? ಬುದ್ಧಿ ಎಲ್ಲೆ ಇಟ್ಟಿ?"

ನನ್ನ ವಾದವೆಲ್ಲ ಅಲ್ಲೇ ನಿಂತಿತು. ಸವೆಯಲಿ, ತೇಪೆ ಬೀಳಲಿ ಅಂತ ಇಷ್ಟು ಹೊತ್ತು ಹೇಳಿದವನಿಗೆ, ತುಳಸಿಕಟ್ಟೆಯನ್ನೋ ತೇರನ್ನೋ ಹಿಮ್ಮಡಿ ಕೆಳಗೆ ಹಾಕಿ ನಡೆಯಲು ನನ್ನ ಕಾಲೇ ಒಪ್ಪುವುದಿಲ್ಲ ಅಂತ ಗೊತ್ತಾಯಿತು. ನಾರ್ವೆಯ ಹೂವಿಗೆ ಆ ಭಾರ ಇಲ್ಲ. ನಮ್ಮ ಡಿಸೈನುಗಳ ಜೊತೆ ದೇವರು ಬಂದು ಕೂತಿದ್ದಾನೆ, ಅವನನ್ನು ಎಬ್ಬಿಸಿ ಕಾಲುಚೀಲ ಹೆಣೆಯುವುದು ಹೇಗೆ? ಆನೆ? ಅಂಬಾರಿ ಹೊತ್ತಿದೆ. ನಂದಿ ಬೇಡವೇ ಬೇಡ. ನವಿಲು ಆಗಬಹುದಿತ್ತು, ಆದರೆ ಬಾಲ ನನ್ನ 64 ಕುಣಿಕೆಯೊಳಗೆ ಹಿಡಿಸಲಿಲ್ಲ.

ಆಗ ನೆನಪಾದದ್ದು ನಾರ್ವೆಯ ಸೆಟೆಸ್ಡಾಲ್ ಕಣಿವೆಯ ಸ್ವೆಟರ್. ಕಪ್ಪು ಮೈ ತುಂಬಾ ಒಂದೊಂದೇ ಬಿಳಿ ಚುಕ್ಕಿ. ಅದರ ಹೆಸರು ಲುಸ್. ಅಂದರೆ ಹೇನು! ಹೇನಿನ ಕೋಟು ಅಂತಲೇ ಕರೆಯುತ್ತಾರೆ, ಯಾರಿಗೂ ಮುಜುಗರ ಇಲ್ಲ. ನಮ್ಮಲ್ಲಿ ಬುಟ್ಟಾ ಸೀರೆಗೆ ಆ ಹೆಸರಿಟ್ಟು ಮಾರಿ ನೋಡಿ. ಚುಕ್ಕಿಯಿಂದ ಲಾಭವೂ ಇದೆ: ಎರಡನೇ ದಾರ ಒಳಗೆಲ್ಲ ಓಡಾಡಿ ಬಟ್ಟೆ ದಪ್ಪವಾಗುತ್ತದೆ, ಬೆಚ್ಚಗಿರುತ್ತದೆ. ನಮ್ಮ ಕಸೂತಿಯಲ್ಲೂ ಅಂಥ ಮನೆಬಳಕೆಯ ಹೆಸರು ಒಂದಿದೆ, ಮೆಂತೆ. ಮೆಂತ್ಯದ ಕಾಳಿನಷ್ಟು ಅಡ್ಡ ಹೊಲಿಗೆ. ದೇವರಿಲ್ಲ, ತೇರಿಲ್ಲ, ಅಡುಗೆಮನೆಯ ಡಬ್ಬಿಯಿಂದ ಬಂದ ಕಾಳು.

ಈಗ ಇಳಕಲ್ ಸೀರೆಯ ಕೆಂಪು ನೆಲ, ಅದರ ಮೇಲೆ ಬಿಳಿ ಮೆಂತೆ. ಒಂದು ಕಾಲಿನದು ಮುಗಿದಿದೆ. ಅಕ್ಕನಿಗೆ ವಿಡಿಯೊ ಕಾಲ್‌ನಲ್ಲಿ ತೋರಿಸಿದೆ. ಕನ್ನಡಕ ಹಾಕಿಕೊಂಡು ಹತ್ತಿರ ಬಂದು ನೋಡಿದಳು.

"ಛಲೋ ಆಗೇದ. ತಿರುವಿ ತೋರ್ಸು."

ಫೋನನ್ನು ಚಾವಣಿಯ ಕಡೆ ತಿರುಗಿಸಿ, ನೆಟ್‌ವರ್ಕ್ ಸರಿ ಇಲ್ಲ ಅಂದೆ. ಪಾದದ ಹತ್ತಿರ ಎರಡು ಗಂಟು ಇವೆ. ಇವತ್ತು ರಾತ್ರಿ ಬಿಚ್ಚಬೇಕು.